ತ್ವಾಟದ ವಸ್ತಿಯೊಳಗ ಒಬ್ರ ಇರೋರಿಗೆ, ಜೋಕಮಾರನಿಂದ ಶೀಗಿ ಹುಣ್ಣಿಮಿ ತನಕ

ಅಣ್ಣಾರ, ನಮಸ್ಕಾರ್ರಿ. ನಿನ್ನೆ ರಾತ್ರಿ ನೀವು ನಮ್ಮ ಗುಂಪಿನ್ಯಾಗ ಹಾಕಿದ ಪ್ರಶ್ನಿ ಎರಡು ಸಲ ಓದಿದೆ. ಮನಿಯವ್ರು ತೀರಿಕೊಂಡು ಎಂಟು ತಿಂಗಳಾತು, ಮಗ ಪುಣೆದಾಗ ಅದಾನ, ಜಮಖಂಡಿ ಕಡೆ ವಸ್ತಿಯೊಳಗ ಒಬ್ನ ಇರ್ತೇನಿ, ಹೊತ್ತು ಮುಳುಗಿದ ಮ್ಯಾಲ ಮನಿ ತಿನ್ನಾಕ ಬಂದಂಗ ಆಗ್ತೈತಿ, ಕೋಳಿ ಸಾಕ್ಲೋ ಜೇನು ಸಾಕ್ಲೋ ಅಂತ ಕೇಳೀರಿ. ಮ್ಯಾಲ ಎಲ್ಲಾರೂ ಗಿರಿರಾಜ ಕೋಳಿ ಲೆಕ್ಕ, ಜೇನಿನ ಪೆಟ್ಟಿಗಿ ಲೆಕ್ಕ ಚಲೋ ಬರದಾರ. ಆದ್ರ ನಂದೊಂದು ಮಾತು ಕೇಳ್ರಿ. ಕೋಳಿ ತಂದ್ರಂದ್ರ ಸಂಜಿಕ ಗೂಡು ಮುಚ್ಚಾಕ ನೀವು ಮನ್ಯಾಗs ಇರಬೇಕಾಗ್ತೈತಿ. ನಿಮಗ ತ್ರಾಸ ಆಗೂದs ಆ ಹೊತ್ತಿನ್ಯಾಗ. ಆ ಹೊತ್ತಿಗೆ ಹೊರಗ ಕರ್ಕೊಂಡು ಹೋಗೂ ಕೆಲಸ ಬೇಕು ನಿಮಗ. ಕೋಳಿ ದೀಪಾವಳಿ ಮ್ಯಾಲ ತರ್ರಿ.

ಮೊದಲ ದಾರಿ ತೆಗೀರಿ. ಭಾದ್ರಪದ ಬಂತಂದ್ರ ಕಬ್ಬು ಎರಡಾಳು ಎತ್ತರ ಆಗಿರ್ತೈತಿ. ಬ್ಯಾಸಗ್ಯಾಗ ಬಾಜೂ ವಸ್ತಿ ದೀಪ ಕಾಣ್ತಿತ್ತು, ನಾಯಿ ಬೊಗಳಿದ್ರ ಯಾರ ನಾಯಿ ಅಂತ ಗೊತ್ತಾಗ್ತಿತ್ತು. ಈಗ ನಾಕೂ ಕಡೆ ಹಸರು ಗ್ವಾಡಿ. ಮುಧೋಳ ತಾಲೂಕಿನ್ಯಾಗ ಘಟಪ್ರಭಾ ದಂಡಿಗಿ ನಂದೂ ಇಂಥಾದ್ದs ವಸ್ತಿ, ಹಂಗಾಗಿ ಹೇಳಾಕತ್ತೇನಿ. ದಾರಿ ಬಾಜೂಕಿನ ಎರಡೆರಡು ಸಾಲಿನ ಒಣ ರವದಿ (ಕಬ್ಬಿನ ಎಲಿ) ಸುಲೀರಿ, ಬಗ್ಗಿದ ಕಬ್ಬು ಕೂಡಿಸಿ ಅದರ ರವದಿಲೆ ಕಟ್ರಿ. ಹಾವಿನ ಅಂಜಿಕಿ ಕಡಿಮಿ ಆಗ್ತೈತಿ, ಸಂಜಿಕ ಕಾಲು ಹೊರಗ ಹಾಕಾಕ ಮನಸ್ಸು ಬರ್ತೈತಿ. ಒಬ್ರ ಸುಲೀಬ್ಯಾಡ್ರಿ, ಬಾಜೂದವ್ರನ್ನ ಅರ್ಧ ದಿನಕ್ಕ ಕರೀರಿ. ಮರುದಿನ ಅವರ ದಾರಿಗೆ ನೀವು ಹೋಗ್ರಿ.

ವರ್ಷದೊಳಗ ಹಬ್ಬ ಮಾಡಂಗಿಲ್ಲ, ಅದಕ್ಕ ಎಲ್ಲೂ ಹೋಗಂಗಿಲ್ಲ ಅಂದೀರಲ್ಲ, ಅಲ್ಲಿ ನನ್ನ ಮನಸ್ಸು ಚುರ್ ಅಂತು. ನಿಮ್ಮ ಮನ್ಯಾಗ ಹೋಳಿಗಿ ಮಾಡಬ್ಯಾಡ್ರಿ, ತೋರಣ ಕಟ್ಟಬ್ಯಾಡ್ರಿ, ಅದು ನಿಮ್ಮ ಪದ್ಧತಿ. ಮಂದಿ ನಡುವ ಕುಂಡ್ರಬಾರದು, ದುಡೀಬಾರದು ಅಂತ ಯಾವ ಹಿರ್ಯಾರೂ ಹೇಳಿಲ್ಲ. ನೀವು ದೂರ ನಿಂತ್ರ ಊರವರು ನಿಮಗ ನೋವಾದೀತು ಅಂತ ಕರಿಯಾಕ ಹಿಂಜರೀತಾರ. ನೀವು ಅವರು ಕರೀಲಿಲ್ಲ ಅಂತ ಮನ್ಯಾಗ ಕುಂಡ್ರತೀರಿ. ಇದನ್ನ ನೀವs ಮುರೀಬೇಕು.

ಇನ್ನ ನಾಕ್ ದಿನಕ್ಕ ಮಳಿ ಬೆಳಿ ದೇವರು ಜೋಕಮಾರ ಬರ್ತಾನ. ಅಷ್ಟಮಿ ದಿನ ಹುಟ್ಟಿ ಹುಣ್ಣಿಮಿ ತನಕ ಬುಟ್ಯಾಗ ಕುಂತು ಬೇವಿನ ತಪ್ಪಲದಾಗ ಊರೂರು ತಿರಗ್ತಾನ. ಹಾಡೂ ಅವ್ವಗೋಳು ವಸ್ತಿ ತನಕ ಬರೂದು ಈಗ ಕಡಿಮಿ ಆಗೈತಿ. ನೀವs ಊರಾಗ ಹೇಳಿ ಕಳಸ್ರಿ, ಮೊರ ತುಂಬ ಜ್ವಾಳ ಇಡ್ತೇನಿ, ಬರ್ರಿ ಅಂತ. ಅಂಗಳದಾಗ ಕುಂತು ಹಾಡಿ, ನುಚ್ಚು ಅಂಬಲಿ ಕೊಟ್ಟು ಹೋಗ್ತಾರ. ಅದನ್ನ ಹೊಲಕ್ಕ ಚರಗಾ (ಭೂಮಿತಾಯಿಗೆ ನೈವೇದ್ಯ) ಚೆಲ್ರಿ. ಎಂಟು ತಿಂಗಳಿಂದ ಆ ಅಂಗಳದಾಗ ದನಿ ಕೇಳಿಲ್ಲ ಅಂತ ನೀವs ಬರದೀರಿ.

ಈಗ ದೇವಿ ಪುರಾಣದ ಮಾತು. ನವರಾತ್ರಿಗೆ ಘಟ ಹಾಕಿದ ದಿನದಿಂದ ನಮ್ಮ ಕಡೆ ಬಾಳ ಊರಾಗ ರಾತ್ರಿ ಪುರಾಣ ನಡೀತೈತಿ. ಒಬ್ರು ಓದ್ತಾರ, ಒಬ್ರು ಅರ್ಥ ಹೇಳ್ತಾರ. ನೀವೂ ಹೋಗಿರ್ತೀರಿ, ಹಿಂದ ಕಂಬಕ್ಕ ಆತು ಕುಂತು ಎದ್ದು ಬಂದಿರ್ತೀರಿ. ಹಂಗ ಹೋದ್ರ ಏನೂ ಆಗಂಗಿಲ್ಲ. ನಮ್ಮ ಅವ್ವ ತೀರಿಕೊಂಡ ವರ್ಷ ನಾನೂ ಹಂಗs ಮೂರು ದಿನ ಹೋಗಿ ಬಂದೆ, ಬರೂ ಮುಂದ ಇನ್ನಷ್ಟು ಖಾಲಿ ಅನಸ್ತಿತ್ತು. ನಾಕನೇ ದಿನ ಪೂಜಾರಿ ಜಮಖಾನಿ ಹಾಸೂ ಹುಡುಗ ಬಂದಿಲ್ಲ, ನೀ ಹಾಸ್ತಿಯೇನು ಅಂದ. ಆರು ಜಮಖಾನಿ. ಹೊರಗ ಕಟ್ಟಿ ಮ್ಯಾಲ ಜಾಡಿಸೂದು, ಧೂಳು ಮೂಗಿನ್ಯಾಗ ಹೋಗಿ ಸೀನೂದು, ಹರಕ ಇದ್ದದ್ದು ಗ್ವಾಡಿ ಕಡೆ ಬರೂ ಹಂಗ ಹಾಸೂದು. ಹೆಂಗಸರ ಕಡೆ ಎರಡು ಸಾಲವು ಅಂತ ಅವರs ಜಗಳ ತಗದ್ರು, ಮರುದಿನ ಮನಿಯಿಂದ ಇನ್ನೊಂದು ಒಯ್ದೆ. ಏಳನೇ ದಿನ ಮಳಿ ಹಿಡದು ನಾ ಹೋಗಲಿಲ್ಲ. ಎಂಟನೇ ದಿನ ಮೆಟ್ಟಲದ ಮ್ಯಾಲ ಕುಂತ ಒಬ್ಬಾಕಿ ಮುದುಕಿ, ನನಗ ಹೆಸರೂ ಗೊತ್ತಿರಲಿಲ್ಲ, "ನಿನ್ನೆ ಎಲ್ಲಿ ಹೋಗಿದ್ಯೋ ತಮ್ಮಾ, ತಣ್ಣನ ಕಲ್ಲ ಮ್ಯಾಲ ಕುಂತು ಮೊಣಕಾಲ ಹಿಡದ್ವು" ಅಂದಳು. ಅವ್ವ ಹೋದ ಮ್ಯಾಲ ಎಲ್ಲಿ ಹೋಗಿದ್ದಿ ಅಂತ ನನ್ನ ಕೇಳಿದ ಮೊದಲನೇ ಮನಷ್ಯಾಳು ಆಕಿ. ಮನಿಗೆ ಬಂದು ಬಾಳ ಅತ್ತೆ, ಆದ್ರ ಅವತ್ತು ನಿದ್ದಿ ಬಂತು.

ಅದಕ್ಕ ಹೇಳ್ತೇನಿ, ನೋಡಾಕ ಹೋಗಬ್ಯಾಡ್ರಿ, ಒಂದು ಸಣ್ಣ ಕೆಲಸ ಹಿಡೀರಿ. ಘಟಕ್ಕ ಹಾಕೂ ಮಣ್ಣು ನಿಮ್ಮ ಹೊಲದ್ದು ಒಯ್ರಿ, ಒಂಬತ್ತು ದಿನ ನೀರು ಚಿಮಕಿಸೂದು ನಿಮ್ಮ ಕಡೆ ಇಟ್ಕೋರಿ. ಇಲ್ಲಾ ಚಹಾದ ಹಾಲು ನಂದು ಅಂತ ಹೇಳ್ರಿ. ನೀವು ಹೋಗದಿದ್ರ ನಾಕ್ ಮಂದಿಗೆ ಅಡಚಣಿ ಆಗೂ ಕೆಲಸ ಇರಲಿ.

ಹಗಲು ಹೊತ್ತಿಗೆ ಹಿಂಗಾರಿ ಐತಲ್ಲ. ಉತ್ತರಿ ಮಳಿ ಸೆಪ್ಟೆಂಬರ್ 13ರ ಸುಮಾರಿಗೆ, ಹಸ್ತ 27ರ ಸುಮಾರಿಗೆ ಹೂಡ್ತೈತಿ. ಮಡ್ಡಿ ಕಡೆ ಎರಿ ಹೊಲದವರಿಗೆ ಹದ ಸಿಕ್ಕ ನಾಕ್ ದಿನದಾಗ ಬಿಳಿಜ್ವಾಳ, ಕಡ್ಲಿ ಬಿತ್ತಿ ಮುಗಸಬೇಕಾಗಿರ್ತೈತಿ, ಆಳು ಸಿಗಂಗಿಲ್ಲ. ನಿಮ್ಮದು ಪೂರಾ ಕಬ್ಬು, ಕೈ ಖಾಲಿ ಅದಾವ. ಮುಯ್ಯಾಳ ಹೋಗ್ರಿ, ಇವತ್ತ ಅವರ ಕೆಲಸಕ್ಕ ನೀವು, ನಾಳೆ ನಿಮ್ಮ ಕೆಲಸಕ್ಕ ಅವರು. ಕೂರಿಗಿ ಹಿಂದ ಅಕ್ಕಡಿ (ನಡುನಡುವ ಬ್ಯಾರೆ ಬೆಳಿ ಸಾಲು) ಹಿಡದು ಕುಸುಬಿ ಬಿಡೂದು ವಯಸ್ಸಾದವ್ರ ಕೈಯಾಗs ಚಂದ, ಬೆರಳಿಗೆ ಅಳತಿ ಗೊತ್ತಿರ್ತೈತಿ. ಮಾಲ್ದಂಡಿ ಬಿಳಿಜ್ವಾಳದ ಬೀಜ ಎಕರೆಕ ಮೂರು ಕಿಲೋ ಸುಮಾರು ಬೀಳಬೇಕು, ಈಗಿನ ಹುಡುಗ್ರು ಐದು ಕಿಲೋ ಸುರೂತಾರ. ನಿಮ್ಮಂಥವ್ರು ಬದುವಿನ ಮ್ಯಾಲ ನಿಂತು ಹೇಳಿದ್ರೂ ಅವ್ರಿಗೆ ಉಪಕಾರ. ಮಧ್ಯಾಹ್ನ ಬುತ್ತಿ ಕೂಡಿ ಉಣ್ತೀರಿ. ಒಬ್ರ ಇದ್ದವ್ರು ಮೊದಲ ಬಿಡೂದು ಊಟ. ನೀವು ಎರಡು ಹೊತ್ತು ಚುರಮರಿ ಚಹಾದ ಮ್ಯಾಲ ಇದ್ದೇನಿ ಅಂದದ್ದು ನನಗ ಸೇರಲಿಲ್ಲ.

ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ನಿದ್ದಿ ವಾರಗಟ್ಟಲೆ ಬರವಲ್ದು, ಬದುಕೂದು ಬ್ಯಾಸರ ಅನಸ್ತೈತಿ ಅಂದ್ರ 14416ಕ್ಕ ಫೋನ್ ಹಚ್ರಿ. ಸರಕಾರದ ಟೆಲಿ ಮಾನಸ ಅದು, 2022ರ ಅಕ್ಟೋಬರ್‌ದಾಗ ಸುರು ಆತು, ರೊಕ್ಕ ಇಲ್ಲ, ಹಗಲೂ ರಾತ್ರಿ ಎತ್ತತಾರ, ಕನ್ನಡದಾಗ ಮಾತಾಡ್ತಾರ. ಮತ್ತ ಮನ್ಯಾಗಿನ ಬೆಳಿಗೆ ಹೊಡಿಯೂ ಔಷಧದ ಡಬ್ಬಿ ಎಲ್ಲಾ ಬಾಜೂದವ್ರ ಕ್ವಾಣ್ಯಾಗ ಇಟ್ಟು ಕೀಲಿ ಹಾಕಸ್ರಿ. ಮನಸ್ಸು ಜಡ ಇದ್ದಾಗ ಅವು ಕೈಗೆ ಸಿಗೂ ಹಂಗ ಇರಬಾರದು. ಇದನ್ನ ಇವತ್ತs ಮಾಡ್ರಿ.

ದಸರಾ ದಿನ ಬನ್ನಿ ಕೊಡಾಕ ಯಾರ ಬರ್ತಾರ ಅಂತ ವಸ್ತ್ಯಾಗ ಕಾಯಬ್ಯಾಡ್ರಿ. ಸಂಜಿ ಐದಕ್ಕ ಊರ ಹನಮಪ್ಪನ ಗುಡಿ ಕಟ್ಟಿ ಮ್ಯಾಲ ಇರ್ತೇನಿ ಅಂತ ಮೊದಲs ಹೇಳಿಬಿಡ್ರಿ. ಬಂಗಾರದಂಗ ಇರೋಣ ಅಂತ ಕಾಲಿಗೆ ಬೀಳೂ ಹುಡುಗ್ರು ಸಾಲು ಹಚ್ಚತಾರ. ಅಕ್ಟೋಬರ್ 23ಕ್ಕ ಕಿತ್ತೂರ ಉತ್ಸವ ಇರ್ತೈತಿ, ಗುಂಪಿನವ್ರು ಐದಾರು ಮಂದಿ ಗಾಡಿ ಮಾಡಿ ಹೋಗೋಣ ಅಂತೀವಿ, ನಿಮ್ಮದೊಂದು ಸೀಟು ಹಿಡದೇನಿ.

ಶೀಗಿ ಹುಣ್ಣಿಮಿಗೆ ಈ ಸಲ ಹೊಲಕ್ಕ ಹೋಗಂಗಿಲ್ಲ ಅಂತ ಬರದೀರಿ. ಪ್ರತಿ ವರ್ಷ ನೀವು ಚರಗಾ ಚೆಲ್ಲಿ "ಹುಲ್ಲುಲಿಗ್ಯೋ" ಅಂತ ಕೂಗ್ತಿದ್ರಿ, ಅಕ್ಕಾರು ಹಿಂದ ತಂಬಗಿ ಹಿಡದು ನೀರು ಚಿಮಕಿಸಿ ದನಿಗೂಡಸ್ತಿದ್ರು, ಈಗ ಹಿಂದ ಯಾರೂ ಇಲ್ಲ ಅಂತ. ಹೌದ್ರಿ, ಅದು ಒಬ್ರ ಮಾಡೂ ಕೆಲಸ ಅಲ್ಲ. ನಮ್ಮ ಮನಿಯವ್ರು ಸಜ್ಜಿ ರೊಟ್ಟಿ, ಎಣ್ಣಿ ಬದನಿಕಾಯಿ, ಪುಂಡಿ ಪಲ್ಯಾ ಕಟ್ಟಿಕೊಡ್ತೇನಿ ಅಂದಾರ, ಸಿಹಿ ಏನೂ ತರಂಗಿಲ್ಲ. ಮುಂಜಾನೆ ಒಂಬತ್ತಕ್ಕ ನಿಮ್ಮ ವಸ್ತಿಗೆ ಬರ್ತೇನಿ. ದಾರಿ ಅಷ್ಟು ತಗದಿಡ್ರಿ, ತಂಬಗಿ ನಾ ಹಿಡೀತೇನಿ.