ಓಟೇ ಇಲ್ಲದ ಕ್ವೇಕರರು ವಿಶ್ವಸಂಸ್ಥೆಯಲ್ಲಿ ಏನು ಮಾಡುತ್ತಾರೆ?

ಕ್ವೇಕರರು 17ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸಣ್ಣ ಕ್ರೈಸ್ತ ಪಂಗಡ. ಯುದ್ಧ ಬೇಡ ಅನ್ನುವುದು ಅವರ ಹಳೆಯ ಹಟ. 1948ರಿಂದ ವಿಶ್ವಸಂಸ್ಥೆಯಲ್ಲಿ ಅವರಿಗೆ ಸಲಹಾ ಸ್ಥಾನವಿದೆ, ಅಂದರೆ ಸಭೆಗಳಿಗೆ ಬಂದು ಅಭಿಪ್ರಾಯ ಹೇಳಬಹುದು. ಜಿನೀವಾ, ನ್ಯೂಯಾರ್ಕ್ ಎರಡೂ ಕಡೆ ಕಚೇರಿ ಇದೆ. ಓಟು ಇಲ್ಲ, ನಿಜ. ಆದರೆ ಅವರ ಕೆಲಸ ಜಾಸ್ತಿ ನಡೆಯುವುದು ಸಭಾಂಗಣದ ಹೊರಗೆ.

ನ್ಯೂಯಾರ್ಕ್‌ನ ಕ್ವೇಕರ್ ಹೌಸನ್ನೇ ನೋಡಿ. ವಿಶ್ವಸಂಸ್ಥೆಗೆ ಹತ್ತಿರದ ಒಂದು ಮನೆ. ಬೇರೆ ಬೇರೆ ದೇಶಗಳ ರಾಜತಾಂತ್ರಿಕರನ್ನು ಅಲ್ಲಿಗೆ ಊಟಕ್ಕೆ ಕರೆಯುತ್ತಾರೆ. ಯಾರು ಏನಂದರು ಅಂತ ಹೊರಗೆ ಹೇಳುವಂತಿಲ್ಲ. ಹಾಗಾಗಿ ಸರ್ಕಾರದ ನಿಲುವನ್ನು ಸುಮ್ನೆ ಒಪ್ಪಿಸದೆ, ಎಲ್ಲಿ ಬಗ್ಗಬಹುದು ಅಂತ ಬಾಯಿಬಿಡಲು ಧೈರ್ಯ ಬರುತ್ತದೆ. ನನ್ನ ಪ್ರಕಾರ ಇದೇ ಅವರ ದೊಡ್ಡ ಕೊಡುಗೆ.

ಫಲವೂ ಸಿಕ್ಕಿದೆ. ಬಾಲಸೈನಿಕರ ವಿಷಯವನ್ನು ಬೇರೆ ಸಂಘಟನೆಗಳ ಜೊತೆ ಸೇರಿ ವರ್ಷಗಟ್ಟಲೆ ಬೆನ್ನುಹತ್ತಿದರು. 2000ರಲ್ಲಿ ಒಪ್ಪಂದ ಬಂತು: 18 ತುಂಬದವರನ್ನು ಬಲವಂತವಾಗಿ ಸೇನೆಗೆ ಸೇರಿಸುವಂತಿಲ್ಲ. ಆದರೆ ಸರ್ಕಾರಿ ಸೇನೆಗೆ ತಾವಾಗಿಯೇ 16ಕ್ಕೇ ಸೇರಲು ದಾರಿ ಉಳಿಯಿತು. ಮಕ್ಕಳ ವಿಷಯದಲ್ಲಿ ಇಂಥ ರಾಜಿ ಆಗಬಾರದಿತ್ತು, ಅಲ್ವಾ? ಆತ್ಮಸಾಕ್ಷಿ ಒಪ್ಪದೆ ಸೇನೆ ಸೇರಲ್ಲ ಅನ್ನುವವರ ಹಕ್ಕಿಗಾಗಿಯೂ ಜಿನೀವಾದಲ್ಲಿ ಅವರು ದಶಕಗಳಿಂದ ದನಿ ಎತ್ತುತ್ತಿದ್ದಾರೆ.