‘ಫ್ಲಶ್ ಮಾಡಬಹುದು’ ಎಂದು ಬರೆದ ವೈಪ್ಸ್ ಹಾಕಿದರೂ ಕಾಸರಗೋಡಿನ ನಮ್ಮ ಮನೆಯ ಪೈಪ್ ಯಾಕೆ ಕಟ್ಟಿಕೊಳ್ಳುತ್ತದೆ?

ಕಮೋಡಿನಿಂದ ಇಳಿದು ಹೋಗುವುದು ಬೇರೆ, ನೀರಿನಲ್ಲಿ ಬಿಡಿಬಿಡಿಯಾಗುವುದು ಬೇರೆ. ಟಾಯ್ಲೆಟ್ ಪೇಪರಿನ ನಾರು ಗಿಡ್ಡ, ನೆನೆದ ಕೂಡಲೇ ಬಿಟ್ಟುಕೊಳ್ಳುತ್ತದೆ. ವೈಪ್ಸ್ ಒದ್ದೆಯಾದರೂ ಹರಿದು ಚೂರಾಗದಂತೆ ಮಾಡಿದ ಬಟ್ಟೆ. ಎಷ್ಟೋ ವೈಪ್ಸ್‌ನಲ್ಲಿ ಪಾಲಿಯೆಸ್ಟರ್ ಕೂಡ ಇರುತ್ತದೆ. ಅನುಮಾನ ಇದ್ದರೆ ಎರಡನ್ನೂ ಒಂದೊಂದು ಬಕೆಟ್ ನೀರಿಗೆ ಹಾಕಿ ಕೋಲಿನಿಂದ ತಿರುವಿ ನೋಡಿ. ಪೇಪರ್ ಗಂಜಿಯಾಗುತ್ತದೆ, ವೈಪ್ಸ್ ಹಿಂಡಿ ಒಣಗಿಸುವ ಹಾಗೆ ಉಳಿದಿರುತ್ತದೆ! ಇದು ನಾಲ್ಕಿಂಚು ಪೈಪಿನ ಬೆಂಡಿನಲ್ಲೋ ಜಾಯಿಂಟಿನಲ್ಲೋ ಸಿಕ್ಕಿಕೊಂಡರೆ ಕೂದಲು, ಜಿಡ್ಡು ಎಲ್ಲ ಅದಕ್ಕೇ ಸುತ್ತಿಕೊಳ್ಳುತ್ತದೆ.

ದಾಟಿ ಹೋದರೂ ನಮ್ಮ ಕಡೆ ಹೆಚ್ಚಿನ ಮನೆಗಳಿಗೆ ಹಿತ್ತಲಿನ ಸೆಪ್ಟಿಕ್ ಟ್ಯಾಂಕೇ ಗತಿ ಅಲ್ವಾ? ಅಲ್ಲಿ ಬೇಗ ಕೊಳೆಯದೆ ಪೈಪಿನ ಬಾಯಲ್ಲೇ ಗಂಟಾಗುತ್ತದೆ. ಮಳೆಗಾಲದಲ್ಲಿ ಇಂಗುಗುಂಡಿಯೂ ತುಂಬಿದರೆ ನೀರು ಕಮೋಡಿಗೇ ವಾಪಸ್. ಸುಮ್ನೆ ಪಕ್ಕದಲ್ಲೊಂದು ಮುಚ್ಚಳದ ಡಬ್ಬಿ ಇಟ್ಟು ಅದಕ್ಕೆ ಹಾಕಿ.