ಕುರ್ಚಿ ಬಿಟ್ಟು ನೆಲಕ್ಕೆ ಇಳಿದರೆ ಬೆನ್ನುನೋವು ಹೋಗುತ್ತದೆಯೇ?

ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕೂತು ಸೊಂಟ ಹಿಡಿದುಕೊಂಡಿದೆ, ಇಪ್ಪತ್ತೈದು ಸಾವಿರ ಕೊಟ್ಟು ಒಳ್ಳೆಯ ಕುರ್ಚಿ ತರಲೇ, ಇಲ್ಲವೇ ‘ಕುರ್ಚಿಯೇ ರೋಗ, ಹಿರಿಯರಂತೆ ನೆಲಕ್ಕೆ ಇಳಿಯಿರಿ’ ಎನ್ನುವ ವಿಡಿಯೊಗಳ ಮಾತು ಕೇಳಲೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮೊದಲ ಹದಿನೆಂಟು ವರ್ಷ ನೆಲದ ಮೇಲೆ, ಆಮೇಲಿನ ಹನ್ನೊಂದು ವರ್ಷ ಕುರ್ಚಿಯ ಮೇಲೆ ಕೂತು ಸಂಬಳ ಎಣಿಸಿದ್ದೇನೆ. ಮಂಡಿಯಲ್ಲಿ ಮಂಡಿ ಸವೆಸಿದವನು ಎಂದು ಸ್ನೇಹಿತರು ತಮಾಷೆ ಮಾಡುತ್ತಾರೆ. ಎರಡೂ ಕಡೆಯ ಸಾಕ್ಷಿ ಹೇಳಬಲ್ಲೆ.

ಹಳೆಯ ಮಂಡಿಯನ್ನು ನೀವು ನೋಡಿರಲಿಕ್ಕಿಲ್ಲ. ಗೋಡೆಗೆ ಒತ್ತಿ ಹತ್ತಿಯ ಗಾದಿ, ಅದರ ಮೇಲೆ ಬಿಳಿ ಬಟ್ಟೆ, ಬೆನ್ನಿಗೆ ಒರಗಲು ಉದ್ದ ದಿಂಬು, ಅದೇ ಲೋಡು. ಮುಂದೆ ಇಳಿಜಾರು ಹಲಗೆಯ ಗಿಡ್ಡ ಡೆಸ್ಕು. ಮುಚ್ಚಳ ಎತ್ತಿದರೆ ಕಿರ್ದಿ, ಖಾತೆ ಪುಸ್ತಕ, ರಬ್ಬರ್ ಮೊಹರು, ಯಾರೋ ಬಿಟ್ಟುಹೋದ ಸುಣ್ಣದ ಡಬ್ಬಿ. ಬೆಳಿಗ್ಗೆ ಚಕ್ಕಳಮಕ್ಕಳ ಹಾಕಿ ಬರೆಯಲು ಶುರುಮಾಡಿದರೆ ಅರ್ಧ ಪುಟ ಮುಗಿಯುವಷ್ಟರಲ್ಲಿ ಎಡಗಾಲು ಜೋಮು ಹಿಡಿಯುತ್ತಿತ್ತು. ಒಂದು ಕಾಲು ಮಡಚಿ ಇನ್ನೊಂದು ಮೊಣಕಾಲನ್ನು ಎತ್ತಿ ಕೂರುತ್ತಿದ್ದೆ. ಅದೂ ಸಾಕಾದರೆ ಕಾಲು ನೀಡಿ ಲೋಡಿಗೆ ಒರಗಿ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂಡಿಸುತ್ತಿದ್ದೆ. ಬೆಳೆಗಾರರು ಬಂದರೆ ರಾಶಿ ನೋಡಲು ಏಳಬೇಕು, ಬಂದು ಮತ್ತೆ ಕೂರಬೇಕು. ಹೀಗೆ ದಿನಕ್ಕೆ ಮೂವತ್ತು ನಲವತ್ತು ಸಲ. ಅದನ್ನು ವ್ಯಾಯಾಮವೆಂದು ಯಾರೂ ಕರೆಯುತ್ತಿರಲಿಲ್ಲ.

ಸಾಹುಕಾರರ ಮಗ ವ್ಯವಹಾರ ನೋಡಿಕೊಳ್ಳಲು ಬಂದ ಮೇಲೆ ಗಾದಿ ಹೋಯಿತು, ಕಂಪ್ಯೂಟರ್ ಬಂತು, ನನಗೊಂದು ತಿರುಗುವ ಕುರ್ಚಿ ಸಿಕ್ಕಿತು. ಮೊದಲ ವರ್ಷ ಬಡ್ತಿ ಸಿಕ್ಕಷ್ಟು ಸಂತೋಷ. ಮೂರನೆಯ ವರ್ಷಕ್ಕೆ ಸೊಂಟದ ಕೆಳಗೆ ಯಾರೋ ಬೆಣೆ ಹೊಡೆದಂತೆ ನೋವು. ಕಾರಣ ತಿಳಿಯಲು ಬಹಳ ದಿನ ಬೇಕಾಯಿತು. ಗಾದಿಯ ಮೇಲೆ ಜೋಮು ನನ್ನ ಮೇಸ್ತ್ರಿಯಾಗಿತ್ತು: ಹತ್ತು ನಿಮಿಷಕ್ಕೊಮ್ಮೆ ಬಂದು ಏಳಿಸುತ್ತಿತ್ತು. ಮೆತ್ತನೆಯ ಕುರ್ಚಿ ಅವನನ್ನು ಕೆಲಸದಿಂದ ಬಿಡಿಸಿತು. ಬೆಳಿಗ್ಗೆ ಹತ್ತಕ್ಕೆ ಕೂತವನು ಒಂದೂವರೆಗೆ ಊಟಕ್ಕೆ ಏಳುವವರೆಗೂ ಮಿಸುಕುತ್ತಿರಲಿಲ್ಲ, ಅದು ನನ್ನ ಗಮನಕ್ಕೂ ಬರುತ್ತಿರಲಿಲ್ಲ.

ಇದು ನನ್ನೊಬ್ಬನ ಊಹೆ ಅಂದುಕೊಳ್ಳಬೇಡಿ. ತಾಂಜಾನಿಯಾದಲ್ಲಿ ಇಂದಿಗೂ ಬೇಟೆ, ಗೆಡ್ಡೆ, ಜೇನು ನೆಚ್ಚಿ ಬದುಕುವ ಹಡ್ಜಾ ಜನರ ತೊಡೆಗೆ ಅಳತೆಯ ಯಂತ್ರ ಕಟ್ಟಿ ನೋಡಿದ ಅಧ್ಯಯನವೊಂದು 2020ರಲ್ಲಿ ಬಂತು. ಅವರೂ ದಿನಕ್ಕೆ ಹತ್ತಿರ ಹತ್ತು ಗಂಟೆ ಕೂತೇ ಇರುತ್ತಾರೆ, ನಮ್ಮಷ್ಟೇ! ಆದರೆ ಅದರಲ್ಲಿ ಒಳ್ಳೆಯ ಪಾಲು ಕುಕ್ಕರುಗಾಲಿನಲ್ಲಿ, ಮೊಣಕಾಲೂರಿ. ಹಾಗೆ ಕೂತಾಗ ಕಾಲಿನ ಸ್ನಾಯುಗಳು ಪೂರ್ತಿ ನಿದ್ದೆಗೆ ಜಾರುವುದಿಲ್ಲ.

‘ನೆಟ್ಟಗೆ ಕೂರು’ ಎಂಬ ಬೈಗುಳದ ಬಗ್ಗೆಯೂ ಒಂದು ಮಾತು. 1960ರ ದಶಕದಲ್ಲಿ ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್‌ಸನ್ ಬದುಕಿರುವ ಮನುಷ್ಯರ ಬೆನ್ನೆಲುಬುಗಳ ನಡುವಿನ ಮೆತ್ತೆಗೆ, ಅಂದರೆ ಡಿಸ್ಕಿಗೆ, ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿನದಕ್ಕಿಂತ ಕೂತಾಗ ಹೆಚ್ಚು ಎಂಬುದು ಅವರ ಲೆಕ್ಕ, ದಶಕಗಳ ಕಾಲ ಎಲ್ಲರೂ ಅದನ್ನೇ ಹೇಳಿದರು. 1999ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ಮತ್ತೆ ಅಳೆದಾಗ ನಿಂತಾಗ 0.50 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ), ಒರಗದೆ ಸುಮ್ಮನೆ ಕೂತಾಗ 0.46, ಬೆನ್ನನ್ನು ಬಲವಂತವಾಗಿ ನೆಟ್ಟಗೆ ಮಾಡಿ ಕೂತಾಗ 0.55, ಪೂರ್ತಿ ಮುಂದಕ್ಕೆ ಬಾಗಿ ಕೂತಾಗ 0.83 ಬಂತು. ಅಳೆದದ್ದು ಒಬ್ಬನೇ ವ್ಯಕ್ತಿಯ ಮೇಲೆ, ಹಾಗಾಗಿ ಅದನ್ನು ವೇದವಾಕ್ಯ ಮಾಡಬೇಕಿಲ್ಲ. ಆದರೂ ಸೈನಿಕನಂತೆ ಸೆಟೆದು ಕೂರುವುದರಿಂದ ಪುಣ್ಯ ಬರುವುದಿಲ್ಲ ಎನ್ನಲು ಸಾಕು. 2006ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಕೂತ ಭಂಗಿಯಲ್ಲೇ ಎಂಆರ್‌ಐ ತೆಗೆದವರು, ತೊಡೆಗೂ ಬೆನ್ನಿಗೂ ಸುಮಾರು 135 ಡಿಗ್ರಿ ಕೋನವಿರುವಂತೆ ಹಿಂದಕ್ಕೆ ಒರಗಿ ಕೂರುವುದು ಮೇಲು ಎಂದರು. ಓದಿದಾಗ ನಗು ಬಂತು. ನಮ್ಮ ಹಳೆಯ ಸಾಹುಕಾರರು ಲೋಡಿಗೆ ಒರಗಿ ಜೊಂಪು ತೆಗೆಯುತ್ತಿದ್ದುದು ಹೆಚ್ಚುಕಡಿಮೆ ಅದೇ ಕೋನದಲ್ಲಿ.

ಕೂತಲ್ಲೇ ಕೂರುವುದು ಹೃದಯಕ್ಕೆ ಏನು ಮಾಡುತ್ತದೆ ಎಂಬುದಕ್ಕೆ ಬಸ್ಸಿನ ಉದಾಹರಣೆ ನನಗೆ ಬಲು ಇಷ್ಟ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಸುಮಾರು 31,000 ಸಾರಿಗೆ ನೌಕರರ ಲೆಕ್ಕ ತೆಗೆದರು. ಡ್ರೈವರ್, ಕಂಡಕ್ಟರ್ ಇಬ್ಬರದೂ ಒಂದೇ ಬಸ್ಸು, ಒಂದೇ ಹೊಗೆ. ಆದರೂ ಎರಡು ಅಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗಿಂತ ಕೂತೇ ಇರುವ ಡ್ರೈವರಿಗೆ ಹೃದಯದ ಕಾಯಿಲೆ ಹೆಚ್ಚು. ಮೂರು ವರ್ಷ ಬಿಟ್ಟು ಅದೇ ತಂಡ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದರೆ ಡ್ರೈವರುಗಳ ಪ್ಯಾಂಟಿನ ಸೊಂಟ ಮೊದಲಿಂದಲೂ ದೊಡ್ಡದು! ಅಂದರೆ ಇಡೀ ತಪ್ಪನ್ನು ಸೀಟಿನ ತಲೆಗೆ ಕಟ್ಟುವಂತಿಲ್ಲ. ತಮ್ಮ ಮಾತಿಗೇ ತಾವೇ ಅಡ್ಡಗಾಲು ಹಾಕಿ ನೋಡುವ ಇಂಥವರನ್ನು ನಾನು ನಂಬುತ್ತೇನೆ.

ಹಾಗಾದರೆ ನೆಲವೇ ಸರಿಯೇ? ನನ್ನ ಅಮ್ಮನನ್ನು ಕೇಳಿ. ಮೆಟ್ಟುಕತ್ತಿಯ ಮುಂದೆ, ಒರಳಿನ ಮುಂದೆ, ಒಲೆಯ ಮುಂದೆ ಐವತ್ತು ವರ್ಷ ಕುಕ್ಕರುಗಾಲಿನಲ್ಲಿ ಕೂತವಳು ಈಗ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಾಳೆ. ಬೀಜಿಂಗಿನ ವೃದ್ಧರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಪ್ರಾಯದಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕೂತವರಲ್ಲಿ ಮಂಡಿ ಸವೆತ ಹೆಚ್ಚು ಕಂಡಿತು. ಅಮ್ಮನಿಗೂ ನನಗೂ ಬಂದ ಕಷ್ಟ ಒಂದೇ: ಒಂದೇ ಭಂಗಿಯಿಂದ ಬಿಡುಗಡೆ ಸಿಗಲಿಲ್ಲ. ನನಗೆ ಕುರ್ಚಿ ಬಿಡಲಿಲ್ಲ, ಅವಳಿಗೆ ಒಲೆ ಬಿಡಲಿಲ್ಲ.

ನೀವು ಕೇಳದಿದ್ದರೂ ಇಲ್ಲಿ ಒಂದು ವಿಷಯ ಹೇಳಬೇಕು. ಗಾದಿಯನ್ನು ನಾನು ಎಷ್ಟೇ ಹೊಗಳಿದರೂ ಅದರ ಮೇಲೆ ಎಲ್ಲರಿಗೂ ಜಾಗ ಇರಲಿಲ್ಲ. ಸಾಹುಕಾರರು ಲೋಡಿನ ಬಳಿ, ನಾನು ಡೆಸ್ಕಿನ ಬಳಿ, ದೊಡ್ಡ ಬೆಳೆಗಾರರು ಚಪ್ಪಲಿ ಬಿಟ್ಟು ಗಾದಿಯ ಅಂಚಿನಲ್ಲಿ, ಸಣ್ಣವರು ಬೆಂಚಿನ ಮೇಲೆ, ಹಮಾಲರು ಹೊಸಿಲಾಚೆ ಗೋಣಿಚೀಲದ ಮೇಲೆ. ಯಾರೂ ಬರೆದಿಟ್ಟ ನಿಯಮವಲ್ಲ, ಯಾರೂ ಮುರಿಯುತ್ತಲೂ ಇರಲಿಲ್ಲ. ಇದನ್ನು ಕೆಡಿಸಿದ್ದು ಪ್ಲಾಸ್ಟಿಕ್ ಕುರ್ಚಿ. ಅದಕ್ಕೆ ಮಡಿ ಇಲ್ಲ, ಮಾಲೀಕನಿಲ್ಲ, ಯಾರು ಎಳೆದುಕೊಂಡರೂ ಬರುತ್ತದೆ. ನಮ್ಮಲ್ಲಿ ತೂಕದ ಯಂತ್ರದ ಪಕ್ಕ ಎರಡು ಇಟ್ಟಾಗ ಕಿರಿಯ ಹಮಾಲ ಕಾಲ ಮೇಲೆ ಕಾಲು ಹಾಕಿ ಕೂತ. ಹಿರಿಯ ಹಮಾಲ ವಾರಗಟ್ಟಲೆ ಅದರ ಮೇಲೆ ಟವೆಲು, ಬುತ್ತಿ ಇಟ್ಟು ತಾನು ಪಕ್ಕದಲ್ಲಿ ನೆಲದ ಮೇಲೆಯೇ ಕೂರುತ್ತಿದ್ದ.

ಆದ್ದರಿಂದ ‘ನೆಲದ ಮೇಲೆ ಕೂರುವುದು ನಮ್ಮ ಸಂಸ್ಕೃತಿ’ ಎಂಬ ಉಪದೇಶ ಕೇಳಿದಾಗ ನನಗೆ 2020ರ ಒಂದು ಚಿತ್ರ ನೆನಪಾಗುತ್ತದೆ. ತಮಿಳುನಾಡಿನ ಕಡಲೂರು ಜಿಲ್ಲೆಯ ಪಂಚಾಯಿತಿಯೊಂದರ ಸಭೆಯಲ್ಲಿ ಉಳಿದವರು ಕುರ್ಚಿಯಲ್ಲಿದ್ದರೆ, ದಲಿತ ಮಹಿಳೆಯಾದ ಅಧ್ಯಕ್ಷೆಯೇ ನೆಲದ ಮೇಲೆ ಕೂತಿದ್ದರು. ಆ ನೆಲದ ಆರೋಗ್ಯಲಾಭ ಯಾರಿಗೆ ಬೇಕು? ಇದರ ಇನ್ನೊಂದು ಮುಖವೂ ಇದೆ. ನನ್ನ ತಂಗಿಯ ಮಗಳು ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಾಳೆ. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ, ಇಪ್ಪತ್ತಾರನೆಯ ವಯಸ್ಸಿಗೇ ಕಾಲಿನ ನರ ಉಬ್ಬಿದೆ. ಕೋಯಿಕ್ಕೋಡಿನ ಅಂಗಡಿಗಳ ಹೆಂಗಸರು ಇದರ ವಿರುದ್ಧವೇ ಹೋರಾಡಿದರು. 2018ರಲ್ಲಿ ಕೇರಳ ಕಾಯ್ದೆ ತಿದ್ದಿ ಆಸನ ಕೊಡುವುದನ್ನು ಕಡ್ಡಾಯ ಮಾಡಿತು, 2021ರಲ್ಲಿ ತಮಿಳುನಾಡೂ ಮಾಡಿತು. ಇಂಗ್ಲೆಂಡಿನಲ್ಲಿ ಅಂಗಡಿಯ ಮೂವರು ಹೆಣ್ಣಾಳುಗಳಿಗೆ ಒಂದು ಆಸನ ಇರಲೇಬೇಕೆಂಬ ಕಾನೂನು ಬಂದದ್ದು 1899ರಲ್ಲಿ. ಕೂರಲು ಅಪ್ಪಣೆ ಇಲ್ಲದವರ ಮುಂದೆ ಕುರ್ಚಿಯ ಕೆಡುಕಿನ ಬಗ್ಗೆ ಭಾಷಣ ಮಾಡಬಾರದು.

ಭಂಗಿ ಬದಲಿಸಿದರೆ ಮನಸ್ಸೂ ಬದಲಾಗುತ್ತದೆ ಎನ್ನುವ ಜಾಹೀರಾತುಗಳನ್ನು ನಂಬಬೇಡಿ. ಮೈ ಅಗಲಿಸಿ ಠೀವಿಯ ಭಂಗಿಯಲ್ಲಿ ಎರಡು ನಿಮಿಷ ಇದ್ದರೆ ಹಾರ್ಮೋನೇ ಬದಲಾಗುತ್ತದೆ ಎಂದು 2010ರಲ್ಲಿ ಬಂದ ಮಾತು, 2015ರಲ್ಲಿ 200 ಜನರ ಮೇಲೆ ಪರೀಕ್ಷಿಸಿದಾಗ ನಿಲ್ಲಲಿಲ್ಲ. ನಾನು ಕಂಡದ್ದು ಬೇರೆ. ಗಾದಿಯ ಅಂಚಿಗೆ ಬಂದು ಕೂತ ಬೆಳೆಗಾರರೂ ನಾನೂ ಒಂದೇ ಎತ್ತರದಲ್ಲಿರುತ್ತಿದ್ದೆವು. ಮಳೆ, ಕೊಳೆರೋಗ, ಮಗಳ ಮದುವೆ ಎಲ್ಲ ಮುಗಿದ ಮೇಲೆ ದರದ ಮಾತು. ಈಗ ನಾನು ಕುರ್ಚಿಯಲ್ಲಿ, ಅವರು ಕೌಂಟರಿನ ಆಚೆ ನಿಂತು. ನಿಂತವರಿಗೆ ಹೊರಡುವ ಅವಸರ ಇದ್ದೇ ಇರುತ್ತದೆ. ಮೂರು ನಿಮಿಷದಲ್ಲಿ ಚೀಟಿ ಹಿಡಿದು ಹೋಗುತ್ತಾರೆ, ಸಂಜೆ ಫೋನ್ ಮಾಡಿ ಜಗಳ ತೆಗೆಯುತ್ತಾರೆ.

ಈಗ ನಿಮ್ಮ ಕುರ್ಚಿ. ಕೊಳ್ಳುವುದಾದರೆ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನೋಡಿ. ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಂಡಿಯ ಹಿಂಬದಿಗೂ ಸೀಟಿನ ಅಂಚಿಗೂ ಎರಡು ಮೂರು ಬೆರಳು ಜಾಗ ಬೇಕು, ಬೆನ್ನು ಹಿಂದಕ್ಕೆ ವಾಲಬೇಕು. ನನ್ನದು 4,200 ರೂಪಾಯಿಯದು. ಮಾನಿಟರಿನ ಕೆಳಗೆ ಎರಡು ಹಳೆಯ ಖಾತೆ ಪುಸ್ತಕ ಇಟ್ಟು ಕಣ್ಣಿನ ಎತ್ತರಕ್ಕೆ ತಂದೆ. ಪ್ರಿಂಟರನ್ನು ಕೋಣೆಯ ಆಚೆ ಮೂಲೆಗೆ ಸರಿಸಿದೆ. ಸಾಹುಕಾರರಿಗೆ ಅದು ಈಗಲೂ ಅರ್ಥವಾಗಿಲ್ಲ, ಆದರೆ ಪ್ರತಿ ಬಿಲ್ಲಿಗೂ ನಾನು ಏಳುತ್ತೇನೆ. ಫೋನಿಗೆ ನಿಂತೇ ಉತ್ತರಿಸುತ್ತೇನೆ. ನಾಲ್ಕೈದು ತಿಂಗಳಲ್ಲಿ ಬೆಣೆ ಸಡಿಲವಾಯಿತು. ನಿಮ್ಮ ನೋವು ಕಾಲಿಗೆ ಇಳಿದು ಮರಗಟ್ಟುತ್ತಿದ್ದರೆ, ಮೂತ್ರ ಕಟ್ಟಿದಂತಾದರೆ ಇದನ್ನೆಲ್ಲ ಬಿಟ್ಟು ತಕ್ಷಣ ವೈದ್ಯರ ಬಳಿ ಓಡಿ.

ನೆಲದ ಆಸೆ ಇದ್ದರೆ ರಾತ್ರಿಯ ಊಟದಿಂದ ಶುರುಮಾಡಿ, ಹದಿನೈದು ನಿಮಿಷ ಸಾಕು. ಮೊದಲ ವಾರ ಏಳುವಾಗ ಗೋಡೆ ಹಿಡಿಯಬೇಕಾಗುತ್ತದೆ, ಮನೆಯವರು ನಕ್ಕರೆ ನಗಲಿ. ಮಂಡಿ ಬರೀ ಸದ್ದು ಮಾಡಿದರೆ ಚಿಂತೆಯಿಲ್ಲ. ನೋವಾದರೆ ಸ್ವಲ್ಪ ಎತ್ತರದ ಮಣೆಯೊಂದನ್ನು ಎಳೆದುಕೊಳ್ಳಿ.